ಜಂಗಿನ ಅಳತೆ: ತಪ್ಪು ಯಾವ ಕಡೆ ವಾಲುತ್ತದೆ?

ಕಾರಟಗಿ, ಸಿಂಧನೂರು, ಸಿರುಗುಪ್ಪದ ಕಡೆ ಗದ್ದೆಗೆ ತಾಗಿ ನಿಂತ ಹಳೆಯ ಕಾಂಕ್ರೀಟ್ ಕಂಬಗಳನ್ನು ಗಮನಿಸಿ. ಸಿಮೆಂಟು ಸಿಡಿದು ಸರಳು ಹೊರಗೆ ಬಿದ್ದಿರುವುದು ಬಹುಮಟ್ಟಿಗೆ ನೀರಿನ ಗೆರೆಗಿಂತ ತುಸು ಮೇಲೆ. ಸದಾ ನೀರಲ್ಲೇ ಮುಳುಗಿರುವ ಬುಡ ಅಷ್ಟಾಗಿ ಕೆಟ್ಟಿರುವುದಿಲ್ಲ. ಅದೇ ಕಂಬವನ್ನು ಹಾಫ್-ಸೆಲ್ (ಸರಳಿನ ವೋಲ್ಟೇಜನ್ನು ಹೋಲಿಸಿ ನೋಡಲು ಬಳಸುವ ಸ್ಥಿರ ಎಲೆಕ್ಟ್ರೋಡ್) ಇಟ್ಟು ಅಳೆದರೆ ಮೀಟರು ಉಲ್ಟಾ ಹೇಳಬಹುದು: ಸಿಡಿದ ಜಾಗದಲ್ಲಿ ಮೈನಸ್ 400 ಮಿಲಿವೋಲ್ಟ್, ಗಟ್ಟಿಮುಟ್ಟಾದ ಬುಡದಲ್ಲಿ ಮೈನಸ್ 700. ಅಂಕಿ ಹೆಚ್ಚು ಮೈನಸ್ ಆದಷ್ಟೂ ಜಂಗು ಹೆಚ್ಚು ಎನ್ನುವ ಪುಸ್ತಕದ ಕೋಷ್ಟಕ ಹಿಡಿದು ಓದಿದವರು ಬುಡವನ್ನೇ ಒಡೆದು ರಿಪೇರಿಗೆ ನಿಲ್ಲುತ್ತಾರೆ.

ಮೀಟರು ಸುಳ್ಳು ಹೇಳಿಲ್ಲ. ನೀರಲ್ಲಿ ಮುಳುಗಿದ ಕಾಂಕ್ರೀಟಿನೊಳಗೆ ಆಮ್ಲಜನಕ ಬಹಳ ನಿಧಾನವಾಗಿ ಇಳಿಯುತ್ತದೆ. ಅದು ಸಿಗದೆ ಹೋದಾಗ ಸರಳಿನ ವಿಭವ (ವೋಲ್ಟೇಜು) ಕೆಳಗೆ ಬೀಳುತ್ತದೆ, ಆದರೆ ಜಂಗಿನ ಕ್ರಿಯೆಯೂ ಉಸಿರುಗಟ್ಟಿ ನಿಧಾನವಾಗುತ್ತದೆ. ಮೇಲಿನ ಪಟ್ಟಿ ಹಾಗಲ್ಲ. ಸವಳು ನೀರು ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳಲ್ಲಿ ಮೇಲೇರಿ, ಬಿಸಿಲಿಗೆ ಆರಿ, ಉಪ್ಪನ್ನು ಅಲ್ಲೇ ಬಿಟ್ಟುಹೋಗುತ್ತದೆ. ಗಾಳಿಯೂ ಸಿಗುತ್ತದೆ. ಕಾಲುವೆಗೆ ನೀರು ಬಿಟ್ಟಾಗ ಒದ್ದೆ, ನಿಲ್ಲಿಸಿದಾಗ ಒಣ. ಜಂಗಿಗೆ ಇದಕ್ಕಿಂತ ಒಳ್ಳೆಯ ಮನೆ ಇಲ್ಲ.

ಹಾಗಾಗಿ ಇಲ್ಲಿರುವುದು ಎರಡು ಬೇರೆ ಬೇರೆ ಪ್ರಶ್ನೆ. ಜಂಗು ಹತ್ತುವ ಸ್ಥಿತಿ ಇದೆಯೇ ಎಂಬುದಕ್ಕೆ ವೋಲ್ಟೇಜು ಉತ್ತರಿಸುತ್ತದೆ. ಎಷ್ಟು ವೇಗವಾಗಿ ಲೋಹ ತಿನ್ನುತ್ತಿದೆ ಎಂಬುದಕ್ಕೆ ಕರೆಂಟು ಅಳೆಯಬೇಕು. ಎರಡರಲ್ಲೂ ತಪ್ಪುಗಳಿಗೆ ಕೊರತೆಯಿಲ್ಲ, ಆದರೆ ಪ್ರತಿ ತಪ್ಪಿಗೂ ಒಂದು ವಾಲು ಇದೆ: ಕೆಲವು ಜಂಗನ್ನು ಕಡಿಮೆ ತೋರಿಸುತ್ತವೆ, ಕೆಲವು ಹೆಚ್ಚು. ಆ ವಾಲು ಗೊತ್ತಿದ್ದರೆ ಅಗ್ಗದ ಸಾಮಾನಿನಲ್ಲೂ ನಂಬುವಂಥ ಅಳತೆ ಬರುತ್ತದೆ.

ಮೈಲುತುತ್ತದ ಹಾಫ್-ಸೆಲ್

ಹಾಫ್-ಸೆಲ್ ಅಥವಾ ರೆಫರೆನ್ಸ್ ಎಲೆಕ್ಟ್ರೋಡ್ ಕೊಂಡರೆ ಸಾವಿರಾರು ರೂಪಾಯಿ. ಕಾಂಕ್ರೀಟಿಗೆ ಮತ್ತು ಮಣ್ಣಿಗೆ ತಾಮ್ರ–ತಾಮ್ರದ ಸಲ್ಫೇಟಿನದು ಸಾಕು, ಅದನ್ನು ಮನೆಯಲ್ಲೇ ಮಾಡಬಹುದು. ಈ ಸಲ್ಫೇಟು ಅಂದರೆ ಮೈಲುತುತ್ತ, ಅದು ಕುಷ್ಟಗಿ, ಯಲಬುರ್ಗಾ ಕಡೆಯ ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ದಾಳಿಂಬೆಯವರು ಬೋರ್ಡೋ ದ್ರಾವಣಕ್ಕೆ ಒಯ್ಯುವುದು ಅದೇ. ಪುಡಿಗಿಂತ ಹರಳು ಒಳ್ಳೆಯದು. ಡಿಸ್ಟಿಲ್ಡ್ ವಾಟರ್ 100 ಮಿಲಿಗೆ 70 ಗ್ರಾಂ ಹಾಕಿ. ಪೂರ್ತಿ ಕರಗುವುದಿಲ್ಲ, ಕರಗಲೂಬಾರದು. ತಳದಲ್ಲಿ ಹರಳು ಕಾಣುತ್ತಿದ್ದರೆ ಮಾತ್ರ ದ್ರಾವಣ ಸಂತೃಪ್ತವಾಗಿದೆ ಎಂದರ್ಥ. ರಾಯಚೂರಿನ ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದಾಗ ಕರಗುವ ಪ್ರಮಾಣ ಏರುತ್ತದೆ, ಅದಕ್ಕೇ ಈ ಧಾರಾಳ. ಬೋರ್‌ವೆಲ್ ನೀರು ಬೇಡ, ಅದರಲ್ಲಿರುವ ಕ್ಲೋರೈಡು ಎಲೆಕ್ಟ್ರೋಡಿನ ವಿಭವವನ್ನೇ ಎಳೆದುಬಿಡುತ್ತದೆ.

ಒಂದಂಗುಲ ವ್ಯಾಸದ ಪ್ಲಾಸ್ಟಿಕ್ ಪೈಪಿನ ಕೆಳಬಾಯಿಗೆ ಮರದ ಬಿರಡೆ ಬಿಗಿಯಾಗಿ ಹೊಡೆಯಿರಿ. ಬಿರಡೆಯನ್ನು ಒಂದು ರಾತ್ರಿ ದ್ರಾವಣದಲ್ಲೇ ನೆನೆಹಾಕಿರಬೇಕು. ನೆನೆಯದ ಬಿರಡೆಯಿಂದ ರೀಡಿಂಗ್ ಅಲೆಯುತ್ತಲೇ ಇರುತ್ತದೆ. ಮೇಲಿಂದ ದಪ್ಪ ತಾಮ್ರದ ತಂತಿ, ಎಮರಿ ಪೇಪರಿನಿಂದ ಹೊಳೆಯುವಂತೆ ಉಜ್ಜಿ, ಕೈ ತಾಗಿಸದೆ ಇಳಿಬಿಡಿ. ಪೈಪಿನ ಹೊರಗೆ ಕಪ್ಪು ಟೇಪು ಸುತ್ತಿ. ಬಿಸಿಲು ನೇರವಾಗಿ ತಾಮ್ರಕ್ಕೆ ಬಿದ್ದರೆ ಹತ್ತಾರು ಮಿಲಿವೋಲ್ಟ್ ಸರಿದುಹೋಗುತ್ತದೆ, ಇದನ್ನು ಬಹಳ ಜನ ನಂಬುವುದಿಲ್ಲ. ಉಷ್ಣತೆಯಿಂದಲೂ ಡಿಗ್ರಿಗೆ ಸುಮಾರು 0.9 ಮಿಲಿವೋಲ್ಟ್ ಏರುತ್ತದೆ: 25 ಡಿಗ್ರಿಯ ಕೋಷ್ಟಕ ಹಿಡಿದು 42 ಡಿಗ್ರಿಯಲ್ಲಿ ಅಳೆದರೆ 15 ಮಿಲಿವೋಲ್ಟ್ ಲೆಕ್ಕ ತಪ್ಪಿತು. ಎರಡು ಸೆಲ್ ಮಾಡಿ, ಒಂದೇ ಬಟ್ಟಲಿನಲ್ಲಿ ನಿಲ್ಲಿಸಿ ನೋಡಿ. ನಡುವೆ 5 ಮಿಲಿವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಒಂದು ಕೆಟ್ಟಿದೆ. ತಂತಿಯನ್ನು ಮತ್ತೆ ಉಜ್ಜಿ, ದ್ರಾವಣ ಬದಲಿಸಿ.

ಅಳೆಯುವಾಗ ಸರಳಿಗೆ ಮೀಟರಿನ ಕೆಂಪು ವೈರು, ಸೆಲ್‌ಗೆ ಕಪ್ಪು. ಸರಳನ್ನು ಒಂದು ಕಡೆ ಕೊರೆದು ತೆಗೆದು, ಲೋಹ ಹೊಳೆಯುವವರೆಗೆ ಉಜ್ಜಿ ಕ್ಲಿಪ್ ಹಾಕಬೇಕು. ಇನ್ನೊಂದು ಮೂಲೆಯಲ್ಲಿ ಕಾಣುವ ಸರಳಿಗೂ ಇದಕ್ಕೂ ನಡುವೆ ರೋಧ ಅಳೆಯಿರಿ. 1 ಓಮ್ ಒಳಗಿದ್ದರೆ ಆ ಎರಡೂ ಸರಳುಗಳು ಒಂದಕ್ಕೊಂದು ಕೂಡಿವೆ. ಗೌಂಡಿ ಬೈಂಡಿಂಗ್ ವೈರು ಕಟ್ಟದೆ ಬಿಟ್ಟ ಸರಳು ಇದ್ದರೆ ಆ ಜಾಗದ ಅಂಕಿಗೆ ಅರ್ಥವೇ ಇಲ್ಲ. ಕಾಂಕ್ರೀಟಿಗೆ ಒದ್ದೆ ಸ್ಪಂಜು ಬೇಕು. ಒಂದು ಲೀಟರ್ ನೀರಿಗೆ 5 ಮಿಲಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ಒದ್ದೆ ಮಾಡಿ. ಐದು ನಿಮಿಷ ರೀಡಿಂಗ್ 20 ಮಿಲಿವೋಲ್ಟ್ ಒಳಗೆ ನಿಂತರೆ ಬರೆದುಕೊಳ್ಳಿ. ನಿಲ್ಲದಿದ್ದರೆ ಇನ್ನಷ್ಟು ನೆನೆಸಿ. ಪಕ್ಕಪಕ್ಕದ ಎರಡು ಬಿಂದುಗಳ ನಡುವೆ 150 ಮಿಲಿವೋಲ್ಟಿಗಿಂತ ಹೆಚ್ಚು ಅಂತರ ಕಂಡರೆ ಅಲ್ಲಿ ಬಿಂದುಗಳ ನಡುವಿನ ಅಂತರವನ್ನು ಕಿರಿದು ಮಾಡಿ ಮತ್ತೆ ಅಳೆಯಿರಿ. ಎರಡು ಬಿಂದುಗಳ ನಡುವಿನ ಈ ಇಳಿಜಾರು, ಒಂಟಿ ಅಂಕಿಗಿಂತ ಹೆಚ್ಚು ನಿಜ ಹೇಳುತ್ತದೆ.

ಎಎಸ್‌ಟಿಎಂ ಸಿ 876 ಎಂಬ ಅಮೆರಿಕದ ಮಾನಕದ ಗೆರೆಗಳು ಎಲ್ಲರಿಗೂ ಬಾಯಿಪಾಠ: ಮೈನಸ್ 200ಕ್ಕಿಂತ ಮೇಲಿದ್ದರೆ ಜಂಗು ಇಲ್ಲದಿರುವ ಸಾಧ್ಯತೆ ಶೇ. 90ಕ್ಕಿಂತ ಹೆಚ್ಚು, ಮೈನಸ್ 350ಕ್ಕಿಂತ ಕೆಳಗಿದ್ದರೆ ಜಂಗು ನಡೆಯುತ್ತಿರುವ ಸಾಧ್ಯತೆ ಶೇ. 90ಕ್ಕಿಂತ ಹೆಚ್ಚು, ನಡುವೆ ಅನಿಶ್ಚಿತ. ಇದು ಗಾಳಿಗೆ ತೆರೆದ ಕಾಂಕ್ರೀಟಿನ ಸಾದಾ ಸರಳಿಗೆ ಮಾತ್ರ. ಮುಳುಗಿದ ಕಂಬಕ್ಕೂ ಸತು ಲೇಪಿಸಿದ ಸರಳಿಗೂ ಎಪಾಕ್ಸಿ ಬಳಿದ ಸರಳಿಗೂ ಈ ಗೆರೆ ಹೊಂದುವುದಿಲ್ಲ.

ಇನ್ನು ಮೀಟರು. ಸಂತೆಯಲ್ಲಿ ಸಿಗುವ ಅಗ್ಗದ ಹಳದಿ ಮಲ್ಟಿಮೀಟರುಗಳ ಒಳರೋಧ ಸಾಮಾನ್ಯವಾಗಿ 1 ಮೆಗಾಓಮ್. ಒಣಗಿದ ಕಾಂಕ್ರೀಟಿನ ದಾರಿಯ ರೋಧ 100 ಕಿಲೊಓಮ್ ಇದ್ದರೆ, ನಿಜವಾದ ಮೈನಸ್ 350 ಇದರಲ್ಲಿ ಮೈನಸ್ 318 ಎಂದು ಕಾಣುತ್ತದೆ. ಅಪಾಯದ ಗೆರೆ ಮುಟ್ಟಿದ ಸರಳು 'ಅನಿಶ್ಚಿತ'ದ ಪಟ್ಟಿಗೆ ಬಂದು ಕೂತಿತು. ಈ ತಪ್ಪು ಯಾವಾಗಲೂ ಸಮಾಧಾನದ ಕಡೆಗೇ ವಾಲುತ್ತದೆ. 10 ಮೆಗಾಓಮ್ ಮೀಟರಿನಲ್ಲಿ ಅದೇ ಮೈನಸ್ 347. ವೋಲ್ಟೇಜನ್ನು ಅಂಕಿಯಾಗಿಸುವ ಎಡಿಎಸ್ 1115 ಚಿಪ್ಪಿಗೆ ನೇರವಾಗಿ ವೈರು ಕೊಡುವವರು ಇನ್ನೂ ಎಚ್ಚರ ವಹಿಸಬೇಕು: ಅದರ ಅತಿ ಸೂಕ್ಷ್ಮ 0.256 ವೋಲ್ಟ್ ಶ್ರೇಣಿಯಲ್ಲಿ ಒಳರೋಧ ಬರೀ 710 ಕಿಲೊಓಮ್. ಮುಂದೆ ಒಂದು ಆಪ್-ಆಂಪ್ (ವರ್ಧಕ ಚಿಪ್ಪು) ಬಫರ್ ಇಲ್ಲದೆ ಅದನ್ನು ಹಾಫ್-ಸೆಲ್‌ಗೆ ಹಚ್ಚಬೇಡಿ.

ವೇಗ ಅಳೆಯುವುದು

ಜಂಗು ಹತ್ತುತ್ತಿರುವ ಲೋಹವನ್ನು ಅದರ ಸ್ವಂತ ವಿಭವದಿಂದ 10 ಮಿಲಿವೋಲ್ಟ್ ಮಾತ್ರ ಆಚೀಚೆ ತಳ್ಳಿದರೆ, ಹರಿಯುವ ಕರೆಂಟು ತಳ್ಳಿದಷ್ಟಕ್ಕೆ ಅನುಪಾತದಲ್ಲಿರುತ್ತದೆ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ಧ್ರುವೀಕರಣ ರೋಧ. ಈ ರೋಧ ಕಡಿಮೆಯಿದ್ದಷ್ಟೂ ಜಂಗು ಜೋರು. 1957ರಲ್ಲಿ ಸ್ಟರ್ನ್ ಮತ್ತು ಗಿಯರಿ ಕೊಟ್ಟ ಸೂತ್ರ ಇಷ್ಟೇ: ಜಂಗಿನ ಕರೆಂಟು ಎಂದರೆ 'ಬಿ' ಎಂಬ ಸ್ಥಿರಾಂಕವನ್ನು ಆ ರೋಧದಿಂದ ಭಾಗಿಸಿದ್ದು. ಜಂಗು ನಡೆಯುತ್ತಿರುವ ಉಕ್ಕಿಗೆ ಬಿ ಸುಮಾರು 26 ಮಿಲಿವೋಲ್ಟ್. ಕಾಂಕ್ರೀಟಿನಲ್ಲಿ ಸುರಕ್ಷಿತವಾಗಿ ಕೂತ ಸರಳಿಗೆ 52 ಹಿಡಿಯುತ್ತಾರೆ. ಬಂದ ಕರೆಂಟು ಚದರ ಸೆಂಟಿಮೀಟರಿಗೆ 1 ಮೈಕ್ರೊಆಂಪಿಯರ್ ಇದ್ದರೆ ವರ್ಷಕ್ಕೆ 11.6 ಮೈಕ್ರಾನ್ ಕಬ್ಬಿಣ ಹೋಗುತ್ತದೆ. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಸತುವಿಗೆ ಅದೇ ಅಂಕಿ 15 ಮೈಕ್ರಾನ್. ಜಿಐ ಪೈಪಿನ ನೀರಿಗೆ ಕಬ್ಬಿಣದ ಸರಳು ಇಳಿಬಿಟ್ಟು ಅಳೆದರೆ ಪೈಪಿನ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಪೈಪು ಯಾವ ಲೋಹವೋ ಸರಳೂ ಅದೇ ಲೋಹದ್ದಾಗಿರಬೇಕು.

ರೈಸ್ ಮಿಲ್ಲಿನ ನೀರಿನ ಲೈನು, ಊರಿನ ಓವರ್‌ಹೆಡ್ ಟ್ಯಾಂಕಿಗೆ ಹೋಗುವ ಎಂಎಸ್ (ಸಾದಾ ಉಕ್ಕಿನ) ಪೈಪು, ಇಂಥವಕ್ಕೆ ಮೂರು ಸರಳಿನ ಪ್ರೋಬ್ ಸಾಕು. 5 ಮಿಮೀ ವ್ಯಾಸದ ಎಂಎಸ್ ಸರಳು ಮೂರು. ಒಂದೊಂದರಲ್ಲೂ 30 ಮಿಮೀ ಮಾತ್ರ ನೀರಿಗೆ ತೆರೆದಿರಲಿ, ಉಳಿದದ್ದಕ್ಕೆ ಶ್ರಿಂಕ್ ಸ್ಲೀವ್ ಹಾಕಿ ಬಾಯಿಗೆ ಅರಾಲ್ಡೈಟ್ ಮೆತ್ತಿ. ತುದಿಯನ್ನೂ ಸೇರಿಸಿ ತೆರೆದ ವಿಸ್ತೀರ್ಣ 4.9 ಚದರ ಸೆಂಟಿಮೀಟರ್. ಮೊದಲು 220, ಆಮೇಲೆ 400, ಕೊನೆಗೆ 600 ನಂಬರ್ ಎಮರಿ, ಅಸಿಟೋನಿನಲ್ಲಿ ಒರೆಸಿ. ಪ್ರೋಬ್ ಹಾಳಾಗುವುದು ಹೆಚ್ಚಾಗಿ ಅರಾಲ್ಡೈಟ್ ಅಂಚಿನಲ್ಲೇ. ಅಂಟು ಸಡಿಲವಾದ ಸಂದಿಯೊಳಗೆ ನೀರು ಇಳಿದು ಅಲ್ಲೇ ಜಂಗು ಕೊರೆಯುತ್ತದೆ, ನಿಮ್ಮ 4.9ರ ಲೆಕ್ಕ ಅಲ್ಲಿಗೆ ಮುಗಿಯಿತು.

ಒಂದು ಸರಳು ಅಳೆಯಬೇಕಾದದ್ದು, ಒಂದು ರೆಫರೆನ್ಸು, ಇನ್ನೊಂದು ಕರೆಂಟು ಕಳಿಸುವ ಕೌಂಟರು. ಮೂರೂ ಒಂದೇ ಲೋಹವಾದರೂ ವಿಭವ ಒಂದೇ ಇರುವುದಿಲ್ಲ, ಕೆಲವು ಮಿಲಿವೋಲ್ಟ್ ವ್ಯತ್ಯಾಸ ಇದ್ದೇ ಇರುತ್ತದೆ. ಅದನ್ನು ಮೊದಲು ಅಳೆದು, ಆ ಅಂಕಿಯಿಂದಾಚೆಗೆ ತಳ್ಳಬೇಕು. 6 ಮಿಲಿವೋಲ್ಟ್ ವ್ಯತ್ಯಾಸ ಮರೆತು ಸೊನ್ನೆಯಿಂದ 10 ಹಚ್ಚಿದರೆ ನಿಜಕ್ಕೂ ತಳ್ಳಿದ್ದು 4 ಆಗಿರಬಹುದು, 16 ಆಗಿರಬಹುದು. ಪ್ಲಸ್ 10ರಲ್ಲಿ ಒಂದು ನಿಮಿಷ ಹಿಡಿದು ಕರೆಂಟು ಓದಿ, ಐದು ನಿಮಿಷ ಬಿಟ್ಟು, ಮೈನಸ್ 10ರಲ್ಲಿ ಓದಿ. 20 ಮಿಲಿವೋಲ್ಟನ್ನು ಎರಡು ಕರೆಂಟುಗಳ ಅಂತರದಿಂದ ಭಾಗಿಸಿದರೆ ಉಳಿದ ಸಣ್ಣ ವ್ಯತ್ಯಾಸವೂ ತಾನೇ ಕಳೆದುಹೋಗುತ್ತದೆ.

ಸರ್ಕ್ಯೂಟು ದೊಡ್ಡದಲ್ಲ. ಒಂದು ಆಪ್-ಆಂಪ್ ರೆಫರೆನ್ಸ್ ನೋಡುತ್ತಾ ಕೌಂಟರನ್ನು ನಡೆಸುತ್ತದೆ, ಇನ್ನೊಂದು ಅಳೆಯುವ ಸರಳಿನ ಕರೆಂಟನ್ನು ವೋಲ್ಟೇಜಾಗಿ ಬದಲಿಸುತ್ತದೆ. ವರ್ಷಕ್ಕೆ 0.1 ಮಿಮೀ ಹೋಗುವ ಉಕ್ಕಿಗೆ ಈ ಪ್ರೋಬಿನಲ್ಲಿ ರೋಧ ಸುಮಾರು 615 ಓಮ್, 10 ಮಿಲಿವೋಲ್ಟಿಗೆ 16 ಮೈಕ್ರೊಆಂಪಿಯರ್. ಹಿಂದಿರುಗಿಸುವ (ಫೀಡ್‌ಬ್ಯಾಕ್) ರೆಸಿಸ್ಟರು 10 ಕಿಲೊಓಮ್ ಇಟ್ಟರೆ 160 ಮಿಲಿವೋಲ್ಟ್ ಹೊರಗೆ ಬರುತ್ತದೆ, ಎಡಿಎಸ್ 1115 ಆರಾಮಾಗಿ ಓದುತ್ತದೆ. ವೋಲ್ಟೇಜು ಹಚ್ಚಲು ಎಂಸಿಪಿ 4725 ಚಿಪ್ಪು ಬಳಸುವವರು ಗಮನಿಸಿ: 3.3 ವೋಲ್ಟಿನಲ್ಲಿ ಅದರ ಒಂದು ಹೆಜ್ಜೆಯೇ 0.8 ಮಿಲಿವೋಲ್ಟ್. 10 ಮಿಲಿವೋಲ್ಟಿನ ಕೆಲಸಕ್ಕೆ ಇದು ಒರಟು. ಹತ್ತಕ್ಕೆ ಒಂದರ ಡಿವೈಡರ್ ಹಾಕಿ.

ನೀರಿಗೆ ಇಳಿಸುವ ಮೊದಲು ಡಮ್ಮಿ ಸೆಲ್ (ಪ್ರೋಬಿನ ಬದಲು ಅಳತೆ ಗೊತ್ತಿರುವ ಬಿಡಿಭಾಗಗಳು) ಮೇಲೆ ಪರೀಕ್ಷಿಸಿ: 10 ಕಿಲೊಓಮ್ ರೆಸಿಸ್ಟರಿಗೆ ಸಮಾಂತರವಾಗಿ 10 ಮೈಕ್ರೊಫ್ಯಾರಡ್ ಫಿಲ್ಮ್ ಕೆಪಾಸಿಟರು, ಅದರ ಸರಣಿಯಲ್ಲಿ 330 ಓಮ್. 10 ಮಿಲಿವೋಲ್ಟಿಗೆ 0.97 ಮೈಕ್ರೊಆಂಪಿಯರ್ ಬರಬೇಕು. ಎಲೆಕ್ಟ್ರೊಲಿಟಿಕ್ ಕೆಪಾಸಿಟರು ಸೋರುತ್ತದೆ, ಅದನ್ನು ಹಾಕಿ ಸರ್ಕ್ಯೂಟನ್ನು ಬೈಯಬೇಡಿ. ಮಿಲ್ಲಿನ ಮೋಟಾರುಗಳ 50 ಹರ್ಟ್ಸ್ ಗದ್ದಲ ಪ್ರತಿ ವೈರಿನಲ್ಲೂ ಇರುತ್ತದೆ. ಪೂರ್ತಿ ಸೆಕೆಂಡುಗಳ ಸರಾಸರಿ ತೆಗೆದರೆ ಬಹುಪಾಲು ಹೋಗುತ್ತದೆ. ಲ್ಯಾಪ್‌ಟಾಪ್ ಚಾರ್ಜರ್ ತೆಗೆದಿಡಿ. ಅದರ ಅರ್ಥಿಂಗ್ ಮೂಲಕ ಟ್ಯಾಂಕಿನ ಕಬ್ಬಿಣವೆಲ್ಲ ನಿಮ್ಮ ಸರಳಿಗೆ ಜೋಡಿಯಾಗಿಬಿಡುತ್ತದೆ.

ಈಗ ದೊಡ್ಡ ತಪ್ಪಿಗೆ ಬರೋಣ. ಅಳೆದ ರೋಧದಲ್ಲಿ ನೀರಿನ ರೋಧವೂ ಸೇರಿಕೊಂಡಿರುತ್ತದೆ. ಉಪ್ಪು ಹೆಚ್ಚಿರುವ ಬೋರ್ ನೀರಿನಲ್ಲಿ ಅದು ನಗಣ್ಯ. ಕಾಲುವೆಯ ಸಿಹಿನೀರಿನಲ್ಲಿ ಹಾಗಲ್ಲ. ನಿಜವಾದ 615 ಓಮಿಗೆ ನೀರಿನ 300 ಓಮ್ ಕೂಡಿದರೆ 915 ಆಗುತ್ತದೆ, ವರ್ಷಕ್ಕೆ 0.1 ಮಿಮೀ ಇದ್ದದ್ದು 0.067 ಎಂದು ತೋರುತ್ತದೆ. ಇದೂ ಸಮಾಧಾನದ ಕಡೆಗೇ ವಾಲುವ ತಪ್ಪು, ಅದೂ ಜಂಗು ಜೋರಾದಷ್ಟೂ ಹೆಚ್ಚು ವಾಲುತ್ತದೆ. ಸುಮಾರು 1 ಕಿಲೊಹರ್ಟ್ಸ್ ಎಸಿ ಸಂಕೇತ ಹಚ್ಚಿ ಅಳೆದರೆ ಲೋಹದ ಮೇಲ್ಮೈಯ ಕೆಪಾಸಿಟರು ಶಾರ್ಟಾಗಿ, ಉಳಿಯುವುದು ನೀರಿನ ರೋಧ ಮಾತ್ರ. ಅದನ್ನು ಕಳೆಯಿರಿ. ರೆಫರೆನ್ಸ್ ಸರಳನ್ನು ಅಳೆಯುವ ಸರಳಿನ ಹತ್ತಿರ ಇಟ್ಟರೆ ಕಳೆಯಬೇಕಾದದ್ದೇ ಕಡಿಮೆಯಾಗುತ್ತದೆ. ಎರಡೇ ಸರಳಿನ ಪ್ರೋಬ್ ಆದರೆ ಎರಡೂ ಮೇಲ್ಮೈಗಳ ರೋಧ ಸರಣಿಯಲ್ಲಿ ಬರುತ್ತದೆ. ಅರ್ಧ ಮಾಡಲು ಮರೆತರೆ ಜಂಗು ನೇರವಾಗಿ ಅರ್ಧಕ್ಕಿಳಿಯಿತು.

ಇನ್ನೊಂದು ಕಡೆ ವಾಲುವ ತಪ್ಪುಗಳೂ ಇವೆ. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನ ಅಂಕಿ ಜಿಗಿಯುತ್ತದೆ. ಅದರಲ್ಲಿ ಸ್ವಲ್ಪ ನಿಜವಾದ ಜಂಗು, ಸ್ವಲ್ಪ ಕ್ಲೋರಿನ್ನಿನದೇ ಕರೆಂಟು. ಮೀಟರಿಗೆ ಎರಡರ ಭೇದ ತಿಳಿಯದು. ಹೊಸದಾಗಿ ಉಜ್ಜಿದ ಸರಳು ಮೊದಲ ದಿನ ಜೋರಾಗಿ ಜಂಗು ಹಿಡಿಯುತ್ತದೆ. ಒಂದು ವಾರ ನೀರಲ್ಲಿ ಬಿಟ್ಟ ಮೇಲಿನ ಅಂಕಿಯನ್ನೇ ನಂಬಿ. ಗಡಸು ನೀರಿನಲ್ಲಿ ಸುಣ್ಣದ ಪದರ ಕೂತು ಅಂಕಿ ಇಳಿಯುತ್ತಾ ಹೋದರೆ ಖುಷಿಪಡುವ ಮೊದಲು ಸರಳನ್ನು ತೆಗೆದು ಕೆರೆದು ನೋಡಿ. ಪದರದ ಕೆಳಗೆ ಗುಳಿ ಬಿದ್ದಿದ್ದರೆ ಸರಾಸರಿ ಅಂಕಿಗೆ ಅದು ಕಾಣುವುದಿಲ್ಲ.

ಕಾಂಕ್ರೀಟಿನೊಳಗಿನ ಸರಳಿಗೆ ಇದೇ ವಿಧಾನ ಇನ್ನೂ ತಾಳ್ಮೆ ಕೇಳುತ್ತದೆ. ಸುರಕ್ಷಿತ ಸರಳಿನ ರೋಧ ಚದರ ಸೆಂಟಿಮೀಟರಿನ ಲೆಕ್ಕದಲ್ಲಿ 500 ಕಿಲೊಓಮ್, ಕೆಪಾಸಿಟಿ 50 ಮೈಕ್ರೊಫ್ಯಾರಡ್ ಎಂದು ಹಿಡಿಯಿರಿ. ಎರಡನ್ನೂ ಗುಣಿಸಿದರೆ ಕಾಲ ಸ್ಥಿರಾಂಕ 25 ಸೆಕೆಂಡು. ಕರೆಂಟು ನೆಲೆಗೊಳ್ಳಲು ಒಂದೂಕಾಲು ನಿಮಿಷವಾದರೂ ಬೇಕು. ಸೆಕೆಂಡಿಗೆ 1 ಮಿಲಿವೋಲ್ಟ್ ವೇಗದಲ್ಲಿ ಏರಿಸುತ್ತಾ ಅಳೆದರೆ ಕೆಪಾಸಿಟರ್ ತುಂಬುವ ಕರೆಂಟೇ 50 ನ್ಯಾನೊಆಂಪಿಯರ್, 10 ಮಿಲಿವೋಲ್ಟಿನಲ್ಲಿ ನಿಜವಾದದ್ದು ಬರೀ 20. ಚೆನ್ನಾಗಿರುವ ಸರಳು ಮೂರೂವರೆ ಪಟ್ಟು ಕೆಟ್ಟದಾಗಿ ಕಾಣುತ್ತದೆ. ಎಎಸ್‌ಟಿಎಂ ಜಿ 59 ಹೇಳುವ ಗಂಟೆಗೆ 0.6 ವೋಲ್ಟ್, ಅಂದರೆ ಸೆಕೆಂಡಿಗೆ 0.167 ಮಿಲಿವೋಲ್ಟ್ ವೇಗದಲ್ಲೂ 8 ನ್ಯಾನೊ ಉಳಿಯುತ್ತದೆ. ಹಾಗಾಗಿ ಕಾಂಕ್ರೀಟಿನಲ್ಲಿ ಏರಿಸುವ ಬದಲು ಒಂದೇ ಮಟ್ಟದಲ್ಲಿ ಹಿಡಿದು ಕಾಯುವುದೇ ಮೇಲು ಎಂದು ನನ್ನ ಅಭಿಪ್ರಾಯ.

ವಿಸ್ತೀರ್ಣದ ತಲೆನೋವು ಬೇರೆ. ಮೇಲಿಟ್ಟ ಕೌಂಟರಿನಿಂದ ಹೊರಟ ಕರೆಂಟು ಕೆಳಗಿನ ಸರಳಿಗೆ ಮಾತ್ರ ಹೋಗದೆ ಉದ್ದಕ್ಕೂ ಹರಡುತ್ತದೆ, ಸರಳು ಸುರಕ್ಷಿತವಾಗಿದ್ದಷ್ಟೂ ದೂರ ಹರಡುತ್ತದೆ. 12 ಮಿಮೀ ಸರಳಿನ 10 ಸೆಂಟಿಮೀಟರಿಗೆ 37.7 ಚದರ ಸೆಂಟಿಮೀಟರ್ ಎಂದು ಲೆಕ್ಕ ಹಾಕಿ ಕೂತರೆ, ನಿಜಕ್ಕೂ ಕರೆಂಟು ಕುಡಿದದ್ದು ಅದರ ಹಲವು ಪಟ್ಟು. ಕೌಂಟರಿನ ಸುತ್ತ ಗಾರ್ಡ್ ರಿಂಗ್ ಹಾಕುವುದು ಇದನ್ನು ತಡೆಯಲಿಕ್ಕೆ. ಅದಿಲ್ಲದ, ಮನೆಯಲ್ಲೇ ಮಾಡಿದ ಉಪಕರಣದಲ್ಲಿ 'ಜಂಗು ಇಲ್ಲ' ಎಂದು ಬಂದರೆ ನಂಬಬಹುದು, 'ಇದೆ' ಎಂದರೆ ಮತ್ತೊಮ್ಮೆ ನೋಡಬೇಕು. ಚದರ ಸೆಂಟಿಮೀಟರಿಗೆ 0.1 ಮೈಕ್ರೊಆಂಪಿಯರಿಗಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ, 1 ದಾಟಿದರೆ ಜೋರು. ಉಪ್ಪಿನಿಂದ ಆಗುವ ಜಂಗು ಗುಳಿಗುಳಿಯಾಗಿ ಕೊರೆಯುವುದರಿಂದ ಆಳವಾದ ಗುಳಿ ಸರಾಸರಿಯ 4ರಿಂದ 8 ಪಟ್ಟು ಇರಬಹುದು.

ಮಣ್ಣಿನೊಳಗಿನ ಪೈಪಿಗೆ ಮೊದಲು ನೋಡಬೇಕಾದದ್ದು ಮಣ್ಣಿನ ರೋಧ. ನಾಲ್ಕು ಗೂಟ ಒಂದೇ ಅಂತರದಲ್ಲಿ ನೆಟ್ಟು, ಹೊರಗಿನ ಎರಡರಲ್ಲಿ ಕರೆಂಟು ಬಿಟ್ಟು, ಒಳಗಿನ ಎರಡರ ನಡುವೆ ವೋಲ್ಟೇಜು ಅಳೆಯಿರಿ. ಬಂದ ರೋಧವನ್ನು 6.28ರಿಂದಲೂ ಮೀಟರಿನಲ್ಲಿರುವ ಅಂತರದಿಂದಲೂ ಗುಣಿಸಿ. 10 ಓಮ್-ಮೀಟರಿಗಿಂತ ಕಡಿಮೆ ಬಂದರೆ ಬರಿಮೈ ಪೈಪು ಹೂಳಬೇಡಿ. ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಗೂಟ ಬಿರುಕಿನಲ್ಲಿ ನಿಂತು ಅಂಕಿ ಸುಳ್ಳಾಗಿ ಏರುತ್ತದೆ. ಮಳೆಗಾಲದಲ್ಲಿ ಅಳೆದದ್ದೇ ಲೆಕ್ಕಕ್ಕೆ. ಹೊಲದ ಮಣ್ಣು ಪರೀಕ್ಷೆಯ ಚೀಟಿ ಇದ್ದರೆ ಅದೂ ಉಪಯೋಗಕ್ಕೆ ಬರುತ್ತದೆ. ಸಂತೃಪ್ತ ಮಣ್ಣಿನ ಸಾರದ ಇಸಿ (ವಿದ್ಯುತ್ ವಾಹಕತೆ) ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದರೆ ಕೃಷಿಯವರು ಸವಳು ಎನ್ನುತ್ತಾರೆ. ಆ ಸಾರದ ರೋಧ ಬರೀ 2.5 ಓಮ್-ಮೀಟರ್. ಭತ್ತಕ್ಕೆ ಆಗದ ಮಣ್ಣು ಪೈಪಿಗೂ ಆಗುವುದಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾದ ಮೇಲೆ, ಇಂಥ ಸೆನ್ಸರ್ ಇದ್ದಿದ್ದರೆ ಮೊದಲೇ ಗೊತ್ತಾಗುತ್ತಿತ್ತಲ್ಲ ಎಂಬ ಮಾತು ಸುಲಭವಾಗಿ ಬರುತ್ತದೆ. ಚೈನು ತುಂಡಾಗಲು ಕಾರಣ ಏನೇ ಇರಲಿ, ಈ ಸೆನ್ಸರಿಗೆ ಅದು ಕಾಣುವ ವಿಷಯವಲ್ಲ. ವಿದ್ಯುತ್-ರಾಸಾಯನಿಕ ಅಳತೆಗೆ ಲೋಹದಿಂದ ಎಲೆಕ್ಟ್ರೋಡಿನವರೆಗೆ ಎಡೆಬಿಡದ ನೀರಿನ ದಾರಿ ಬೇಕು. ಗಾಳಿಯಲ್ಲಿ ತೂಗುವ, ಗ್ರೀಸ್ ಮೆತ್ತಿದ ಚೈನಿಗೆ ಆ ದಾರಿ ಇಲ್ಲ. ಅಲ್ಲಿ ಅಲ್ಟ್ರಾಸಾನಿಕ್ ಗೇಜಿನಿಂದ ದಪ್ಪ ಅಳೆಯುವುದು, ಬಿರುಕಿಗೆ ಡೈ ಪೆನಿಟ್ರಂಟ್ ಬಳಿದು ನೋಡುವುದು, ಇವೇ ದಾರಿ.

ಕೊನೆಗೆ ತಕ್ಕಡಿ. ಪ್ರೋಬಿನ ಪಕ್ಕದಲ್ಲೇ ಅದೇ ಉಕ್ಕಿನ 75, 25, 1.5 ಮಿಮೀ ಅಳತೆಯ ಪಟ್ಟಿಯನ್ನು ಪ್ಲಾಸ್ಟಿಕ್ ದಾರದಲ್ಲಿ ಇಳಿಬಿಡಿ. ಕಬ್ಬಿಣದ ತಂತಿ ಬೇಡ. ಎಲ್ಲ ಮುಖಗಳೂ ಸೇರಿ 40.5 ಚದರ ಸೆಂಟಿಮೀಟರ್. 30 ದಿನದ ಬಳಿಕ ತೆಗೆದು, 500 ಮಿಲಿ ಗಾಢ ಹೈಡ್ರೊಕ್ಲೋರಿಕ್ ಆಮ್ಲ, 3.5 ಗ್ರಾಂ ಹೆಕ್ಸಮೀನ್, ಉಳಿದದ್ದು ನೀರು, ಒಟ್ಟು 1 ಲೀಟರ್ ಆಗುವ ದ್ರಾವಣದಲ್ಲಿ 10 ನಿಮಿಷ ಇಟ್ಟು ಜಂಗು ತೆಗೆಯಿರಿ. ಆಮ್ಲವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಆಮ್ಲಕ್ಕಲ್ಲ, ಅದೂ ಬಯಲಿನಲ್ಲಿ, ಕನ್ನಡಕ ಹಾಕಿಕೊಂಡು. ಜಂಗೇ ಇಲ್ಲದ ಇನ್ನೊಂದು ಪಟ್ಟಿಯನ್ನೂ ಜೊತೆಗೆ ಅದ್ದಿ, ಅದು ಕಳೆದುಕೊಂಡ ತೂಕವನ್ನು ಇದರಿಂದ ಕಳೆಯಬೇಕು. ವರ್ಷಕ್ಕೆ 0.1 ಮಿಮೀ ವೇಗವಾದರೆ ಪಟ್ಟಿ 0.26 ಗ್ರಾಂ ಹಗುರಾಗಿರುತ್ತದೆ. ಕಿರಾಣಿ ಅಂಗಡಿಯ ತಕ್ಕಡಿಗೆ ಇದು ಸಿಗದು, ಬಂಗಾರದ ಅಂಗಡಿಯದಕ್ಕೆ ಸಿಗುತ್ತದೆ. ತೂಕ ಹೇಳುವ ವೇಗಕ್ಕೂ ತಿಂಗಳಿಡೀ ಪ್ರೋಬ್ ಹೇಳಿದ ಸರಾಸರಿಗೂ ಇರುವ ಅನುಪಾತದಿಂದ 26ನ್ನು ಗುಣಿಸಿದರೆ ನಿಮ್ಮ ನೀರಿನ ಬಿ ಸಿಕ್ಕಿತು. ಅದು 13ರಿಂದ 52ರೊಳಗೆ ಬರದಿದ್ದರೆ ಬಿ ತಿದ್ದಬೇಡಿ, ವಿಸ್ತೀರ್ಣದಲ್ಲೋ ನೀರಿನ ರೋಧದಲ್ಲೋ ಲೆಕ್ಕ ತಪ್ಪಿದೆ.

ಬಳಸಿದ ಆಮ್ಲಕ್ಕೆ ಸುಣ್ಣದಕಲ್ಲಿನ ಪುಡಿ ಹಾಕಿ, ನೊರೆ ನಿಂತ ಮೇಲೆ ಚೆಲ್ಲಿ. ಮೈಲುತುತ್ತದ ನೀರನ್ನು ಮಾತ್ರ ಕಾಲುವೆಗೂ ಹಳ್ಳಕ್ಕೂ ಬಿಡಬೇಡಿ, ಮೀನು ಉಳಿಯುವುದಿಲ್ಲ. ಪೊಟ್ಟಣದಲ್ಲಿ ಮಿಕ್ಕ ಹರಳನ್ನು ದಾಳಿಂಬೆ ತೋಟದವರು ಖುಷಿಯಿಂದ ಇಸಿದುಕೊಳ್ಳುತ್ತಾರೆ.